ಬಾಗಿಲಿನ ಕೆಳಗಿನ ತೂತುಗಳು

ಹೊಳೆ ಸಮುದ್ರವನ್ನು ಸೇರುವ ಒಂದು ಊರಿನಲ್ಲಿ ವಾಮನ ಮೇಸ್ತ ಎಂಬ ದೋಣಿ ಕೆಲಸದವನಿದ್ದ. ಹೊಸ ದೋಣಿ ಕಟ್ಟುವವರು ಆ ಊರಿನಲ್ಲಿ ಬೇರೆಯವರೂ ಇದ್ದರು. ದೋಣಿಯ ಸಂದು ತುಂಬುವುದರಲ್ಲಿ ಮಾತ್ರ ವಾಮನನನ್ನು ಮೀರಿಸುವವರಿರಲಿಲ್ಲ. ಎರಡು ಹಲಗೆಗಳ ನಡುವಿನ ಸಂದಿಗೆ ಹತ್ತಿಯ ಹುರಿ ಇಟ್ಟು, ಚಪ್ಪಟೆ ಉಳಿಯಿಂದ ಬಡಿದು ಕೂರಿಸಿ, ಮೇಲೆ ಎಣ್ಣೆಯಲ್ಲಿ ಕರಗಿಸಿದ ರಾಳವನ್ನು ಬಳಿಯುತ್ತಿದ್ದ. ಅವನು ತುಂಬಿದ ಸಂದಿನಲ್ಲಿ ನೀರು ಜಿನುಗಿತು ಎಂದು ಯಾವ ಮೀನುಗಾರನೂ ಹೇಳಿದ್ದಿಲ್ಲ. ನೀರನ್ನು ಹೊರಗೆ ನಿಲ್ಲಿಸುವುದೇ ಅವನ ವಿದ್ಯೆ.

ವಾಮನನಿಗೂ ಅವನ ಹೆಂಡತಿ ಕಲಾವತಿಗೂ ಒಬ್ಬಳೇ ಮಗಳು, ಶೈಲಾ. ಅವಳು ನರ್ಸ್ ಆಗಿದ್ದಳು. ಹೊಳೆಯಾಚೆಯ ಹಳ್ಳಿಗಳಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುವುದು ಅವಳ ಕೆಲಸ. ಬಸ್ಸು ಹೋಗದ ಹಳ್ಳಿಗಳೇ ಹೆಚ್ಚು. ಅದಕ್ಕಾಗಿ ಒಂದು ಹಳೆಯ ಸಣ್ಣ ಕಾರನ್ನು ಕೊಂಡಿದ್ದಳು. ಕೆಂಪು ಬಣ್ಣದ ಕಾರು. ಒಂದು ಮಳೆಗಾಲ ಅವಳಿಗೆ ಜ್ವರ ಬಂತು. ಜ್ವರ ಮೆದುಳಿಗೆ ಏರಿತು. ಅವಳು ತೀರಿಕೊಂಡಳು. ಕಾರು ಅಂಗಳದಲ್ಲಿ ಉಳಿಯಿತು.

ಅದನ್ನು ಮಾರಿಬಿಡಿ ಎಂದು ಹಲವರು ಹೇಳಿದರು. ವಾಮನ ಮಾರಲಿಲ್ಲ. ಅವನಿಗೆ ಕಾರು ಓಡಿಸಲು ಬರುತ್ತಿತ್ತು. ಹಲಗೆ ನೋಡಲು, ರಾಳ ತರಲು ಅದರಲ್ಲೇ ಹೋಗತೊಡಗಿದ. ದಿನವೂ ಬೆಳಿಗ್ಗೆ ಎದ್ದು ಬಾವಿಯ ನೀರು ಸೇದಿ, ಕಾರನ್ನು ತಲೆಯಿಂದ ಕಾಲಿನವರೆಗೆ ತೊಳೆಯುತ್ತಿದ್ದ. ಸಮುದ್ರದ ಗಾಳಿಯಲ್ಲಿ ಉಪ್ಪಿದೆ, ಉಪ್ಪು ಕೂತರೆ ಕಬ್ಬಿಣ ಉಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಹೀಗೆ ತೊಳೆಯುವಾಗ ಒಂದು ದಿನ ಅವನು ಕಾರಿನ ಪಕ್ಕ ನೆಲದ ಮೇಲೆ ಮಲಗಿ ಅಡಿಭಾಗವನ್ನು ನೋಡಿದ. ಬಾಗಿಲುಗಳ ಕೆಳ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳು ಕಂಡವು. ಪ್ರತಿ ಬಾಗಿಲಿಗೂ ಇದ್ದವು, ಶೇಂಗಾ ಬೀಜದಷ್ಟು ದೊಡ್ಡವು. ಇಷ್ಟು ತೂತು ಇಟ್ಟುಕೊಂಡು ಮಗಳು ಮಳೆಯಲ್ಲಿ ತಿರುಗಿದಳೇ ಎಂದುಕೊಂಡ. ಒಳಗೆ ಹೋಗಿ ಹತ್ತಿ, ಉಳಿ, ರಾಳ ತಂದ. ಒಂದೊಂದು ತೂತಿಗೂ ಹತ್ತಿ ತುರುಕಿ, ಬಡಿದು, ರಾಳ ಬಳಿದ. ಆಮೇಲೆ ಬೆರಳಿನಿಂದ ಒತ್ತಿ ನೋಡಿದ. ಕಲ್ಲಿನಂತೆ ಕೂತಿತ್ತು. ಅಂದು ಅವನು ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡ.

ಮನೆಯಲ್ಲೂ ಅವನದು ಇದೇ ಕ್ರಮ. ಮಾತನಾಡಿಸಲು ಬಂದ ನೆಂಟರನ್ನು ಗೇಟಿನ ಬಳಿಯೇ ನಿಲ್ಲಿಸಿ, "ಆ ವಿಷಯ ಒಂದು ಬಿಟ್ಟು ಬೇರೆ ಎಂತದ್ದಾದರೂ ಮಾತಾಡಿ. ಅವಳಿಗೆ ತಡಕೊಳ್ಳೋಕೆ ಆಗೋದಿಲ್ಲ" ಎನ್ನುತ್ತಿದ್ದ. ಅವಳು ಎಂದರೆ ಕಲಾವತಿ. ಕಲಾವತಿ ಪಾತ್ರೆ ತೊಳೆಯುತ್ತ, "ನಮ್ಮ ಶೈಲಾ ಇದ್ದಿದ್ದರೆ..." ಎಂದು ಶುರುಮಾಡಿದರೆ, "ಆ ಮಾತು ಬೇಡ" ಎಂದು ಮೆಲ್ಲಗೆ ಹೇಳಿ ಎದ್ದುಹೋಗುತ್ತಿದ್ದ. ಗದರಿಸಿದ್ದಲ್ಲ. ಹೆಂಡತಿ ಅಳಬಾರದು ಎಂದೇ ಹೇಳುತ್ತಿದ್ದುದು. ಅವಳಿಗೂ ಅದು ಗೊತ್ತಿತ್ತು. ಗಂಡನಿಗೆ ನೋವಾಗಬಾರದು ಎಂದು ಅವಳೂ ಸುಮ್ಮನಾದಳು. ಕೊನೆಗೆ ಆ ಮನೆಯಲ್ಲಿ ಮಗಳ ಹೆಸರು ಕೇಳಿಸುವುದೇ ನಿಂತುಹೋಯಿತು.

ಎರಡು ಮಳೆಗಾಲ ಕಳೆದವು. ಕಾರಿನ ಬಾಗಿಲುಗಳ ಕೆಳಗೆ ಬಣ್ಣ ಗುಳ್ಳೆ ಎದ್ದಿತು. ವಾಮನ ಗುಳ್ಳೆ ಕೆರೆದು, ಪುಟ್ಟಿ ಮೆತ್ತಿ, ಕೆಂಪು ಬಣ್ಣ ಬಳಿದ. ಕೆಲವು ವಾರಗಳಲ್ಲಿ ಪುಟ್ಟಿಯ ಸುತ್ತ ಮತ್ತೆ ಗುಳ್ಳೆ ಎದ್ದಿತು. ಅದನ್ನೂ ಕೆರೆದು ಇನ್ನಷ್ಟು ಪುಟ್ಟಿ ಮೆತ್ತಿದ. ತುಕ್ಕು ಒಳಗಿನಿಂದ ಬರುತ್ತಿದೆ ಎಂದು ಅವನಿಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಕಾರಿಗೆ ಹದಿನೈದು ವರ್ಷ ತುಂಬಿತು. ಮತ್ತೆ ರಸ್ತೆಯಲ್ಲಿ ಓಡಿಸಬೇಕಾದರೆ ತಪಾಸಣೆಯಲ್ಲಿ ಪಾಸಾಗಬೇಕು. ತಪಾಸಣೆಯವರು ಎಂಜಿನ್ ಚೆನ್ನಾಗಿದೆ ಎಂದರು, ಬ್ರೇಕು ಚೆನ್ನಾಗಿದೆ ಎಂದರು. ಆಮೇಲೆ ಬಗ್ಗಿ ಬಾಗಿಲಿನ ಕೆಳಭಾಗವನ್ನು ಹೆಬ್ಬೆರಳಿನಿಂದ ಒತ್ತಿದರು. ಹೆಬ್ಬೆರಳು ಒಳಗೆ ಹೋಯಿತು.

"ಇದು ಬಾಗಿಲಲ್ಲ, ಹಪ್ಪಳ" ಎಂದರು ಅವರು. "ತಗಡು ಹೊಸದು ಹಾಕಿಸಿ ಇನ್ನೊಮ್ಮೆ ತನ್ನಿ. ಆಗಲೂ ಹೀಗೇ ಇದ್ದರೆ ಗುಜರಿಗೆ ಹಾಕಬೇಕು, ಬೇರೆ ದಾರಿ ಇಲ್ಲ."

ಮಗಳು ಕೈಯಿಟ್ಟು ಓಡಿಸಿದ ಕಾರು ಗುಜರಿಗೆ ಹೋಗಬಾರದು. ವಾಮನನಿಗೆ ಬೇರೇನೂ ಬೇಕಿರಲಿಲ್ಲ. ಅವನು ಕಲಾವತಿಯನ್ನೂ ಕೂರಿಸಿಕೊಂಡು ಹೆದ್ದಾರಿ ಪಕ್ಕದ ಇನಾಸನ ಶೆಡ್ಡಿಗೆ ಹೋದ.

ಇನಾಸ ಲೋಪಿಸ್ ಟಿಂಕರಿಂಗ್ ಕೆಲಸದವನು. ನೆಗ್ಗಿದ ಕಾರನ್ನು ಎತ್ತಿ ಸರಿಮಾಡುವುದು, ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸದು ಬೆಸೆಯುವುದು ಅವನ ಕೆಲಸ. ಅವನು ಹಳೆಯ ಸ್ಪೀಕರಿನಿಂದ ಬಿಚ್ಚಿದ ಒಂದು ಅಯಸ್ಕಾಂತವನ್ನು ತಂದು ಬಾಗಿಲಿಗೆ ಅಂಟಿಸಿದ. ಮೇಲೆ ಅಂಟಿತು. ನಿಧಾನವಾಗಿ ಕೆಳಗೆ ಎಳೆದ. ಅಂಚಿನಿಂದ ಒಂದು ಗೇಣು ಮೇಲಿರುವಾಗಲೇ ಅಯಸ್ಕಾಂತ ಕಳಚಿ ಟಣ್ಣನೆ ನೆಲಕ್ಕೆ ಬಿತ್ತು.

"ಮೇಸ್ತರೇ, ಪುಟ್ಟಿ ಇಷ್ಟು ಹಾಕಿದ್ದೀರಲ್ಲ, ಇದರಲ್ಲಿ ಕಾರು ಎಲ್ಲಿದೆ ಮಾರಾಯ್ರೆ?"

"ಹುಡುಕಿ ತೆಗೆ. ಅದಕ್ಕೇ ತಂದದ್ದು" ಎಂದ ವಾಮನ.

"ಹೆದರಬೇಡಿ. ಮೇಲಿನ ತಗಡು ಗಟ್ಟಿ ಇದೆ. ಕೊಳೆತದ್ದನ್ನು ಕತ್ತರಿಸಿ ತೆಗೀಬೇಕು. ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಬೇಕು, ಕನಿಕರ ಮಾಡಿದರೆ ಆಗೋದಿಲ್ಲ. ಆಮೇಲೆ ಹೊಸ ಪಟ್ಟಿ ಬೆಸೆಯೋದು. ಅದಿರಲಿ, ಇಷ್ಟು ಚಂದ ತೊಳೆದು ಇಟ್ಟಿದ್ದೀರಿ. ಬಾಗಿಲು ಮಾತ್ರ ಯಾಕೆ ಹೀಗಾಯ್ತು? ಮಳೆಯಲ್ಲಿ ತುಂಬ ಓಡಿಸಿದ್ದೋ? ಯಾರು ಓಡಿಸ್ತಿದ್ದದ್ದು?"

"ನಮ್ಮ ಶೈಲಾ..." ಎಂದಳು ಕಲಾವತಿ.

"ಆ ಮಾತು ಬೇಡ" ಎಂದ ವಾಮನ.

ಇನಾಸ ಇಬ್ಬರ ಮುಖವನ್ನೂ ನೋಡಿ, ಅಯಸ್ಕಾಂತವನ್ನು ಎತ್ತಿಕೊಂಡು ಒಳಗೆ ಹೋದ.

ಮರುದಿನ ವಾಮನನಿಗೆ ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಕೆಲಸವಿತ್ತು. ಒಂದು ದೋಣಿ ನೀರಿಗಿಳಿಯುವುದಿತ್ತು. ರಿಪೇರಿ ಶುರುವಾಯಿತೋ ನೋಡಿ ಬಾ ಎಂದು ಕಲಾವತಿಯನ್ನು ಕಳಿಸಿದ.

ಅವಳು ಬಂದಾಗ ಮುಂದಿನ ಎಡ ಬಾಗಿಲನ್ನು ಕಳಚಿ ಎರಡು ಸ್ಟೂಲುಗಳ ಮೇಲೆ ಅಡ್ಡ ಮಲಗಿಸಲಾಗಿತ್ತು. ಇನಾಸ ಅದರ ಕೆಳಭಾಗವನ್ನು ಉದ್ದಕ್ಕೆ ಕತ್ತರಿಸಿ ತೆರೆದಿದ್ದ. ಒಳಗಿನ ಟೊಳ್ಳಿನಲ್ಲಿ ಬೆರಳು ದಪ್ಪದ ಕೆಸರು ಕೂತಿತ್ತು. ನೆಲದ ಮೇಲೆ ಕಂದು ನೀರು ಹರಡಿತ್ತು.

"ಅಕ್ಕ, ಬನ್ನಿ. ಒಂದು ವಿಚಿತ್ರ ತೋರಿಸ್ತೇನೆ" ಎಂದ ಇನಾಸ. "ಈ ಬಾಗಿಲು ಕಳಚಿ ಎತ್ತುವಾಗ ಒಳಗೆ ನೀರು ಗುಳುಗುಳು ಅಂತು. ಮಳೆ ನಿಂತು ಎಷ್ಟು ಕಾಲ ಆಯ್ತು! ನೀರು ಯಾಕೆ ಇಳಿದು ಹೋಗಲಿಲ್ಲ ಅಂತ ನೋಡಿದರೆ, ಇದು."

ಅವನು ಅಂಗೈ ಚಾಚಿದ. ಅಂಗೈಯಲ್ಲಿ ಕಪ್ಪಗಿನ ಒಂದು ಉಂಡೆ ಇತ್ತು. ಕಲಾವತಿ ಅದನ್ನು ಎತ್ತಿ ಮೂಸಿದಳು. ಹತ್ತಿ, ರಾಳ, ಎಣ್ಣೆ. ಮದುವೆಯಾದ ದಿನದಿಂದ ಗಂಡನ ಅಂಗಿಯಿಂದ ಬರುತ್ತಿದ್ದ ವಾಸನೆ ಅದೇ.

"ಇದು ಅವರ ಕೈಕೆಲಸ" ಎಂದಳು.

"ಅಂದುಕೊಂಡೆ. ಇಷ್ಟು ಗಟ್ಟಿ ಬಡಿಯುವವರು ಈ ಊರಲ್ಲಿ ಇನ್ನೊಬ್ಬರಿಲ್ಲ. ತೆಗೆಯಲಿಕ್ಕೆ ಡ್ರಿಲ್ಲೇ ಬೇಕಾಯ್ತು."

"ತೂತು ಮುಚ್ಚಿದ್ದು ತಪ್ಪಾ?"

"ಅಕ್ಕ, ಅದು ತುಕ್ಕಿನ ತೂತಲ್ಲ. ಕಾರು ಮಾಡಿದವರೇ ಇಟ್ಟದ್ದು. ಬಾಗಿಲಿನ ಗಾಜು ಮೇಲೆ ಕೆಳಗೆ ಓಡಾಡ್ತದಲ್ಲ, ಆ ಸಂದಿಯಲ್ಲಿ ನೀರು ಒಳಗೆ ಇಳೀತದೆ. ಮಳೆ ಬಂದರೂ ಇಳೀತದೆ, ತೊಳೆದರೂ ಇಳೀತದೆ. ಇಳಿದದ್ದು ಹೊರಗೆ ಹೋಗಲಿ ಅಂತ ಕೆಳಗೆ ತೂತು. ಅದನ್ನು ಮುಚ್ಚಿದ ಮೇಲೆ ಬಾಗಿಲು ಕೊಡಪಾನ ಆಯ್ತು."

ದಿನವೂ ಬೆಳಿಗ್ಗೆ ಗಂಡ ಬಾವಿಯಿಂದ ಕೊಡಕೊಡ ನೀರು ಸೇದಿ ತಂದು ಸುರಿದದ್ದು ಕಲಾವತಿಯ ಕಣ್ಣಮುಂದೆ ಬಂತು.

"ಅವರಿಗೆ ಹೇಳಬೇಡ, ಇನಾಸ" ಎಂದಳು. "ಅದು ನಮ್ಮ ಮಗಳ ಕಾರು. ಅವಳು ಇಲ್ಲ. ಅವಳದ್ದು ಇದೊಂದು ಉಳಿದಿದೆ ಅಂತ ಜೋಪಾನ ಮಾಡಿದ್ದು. ತಮ್ಮ ಕೈಯಿಂದಲೇ ಇದು ಹಾಳಾಯ್ತು ಅಂತ ಗೊತ್ತಾದರೆ ಅವರು ಏಳೋದಿಲ್ಲ. ನೀನು ಸುಮ್ಮನೆ ತೂತು ತೆಗೆದು, ತಗಡು ಹಾಕಿ ಕೊಟ್ಟುಬಿಡು. ಉಪ್ಪು ಗಾಳಿಗೆ ಹೀಗಾಯ್ತು ಅಂತ ಹೇಳು."

ಇನಾಸ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ.

"ಹೇಳಬಹುದು. ನಾನು ಗಿರಾಕಿಗಳಿಗೆ ಹೇಳುವ ಸುಳ್ಳಿನ ತಪ್ಪೊಪ್ಪಿಗೆ ಕೇಳಿ ಕೇಳಿ ಇಗರ್ಜಿ ಪಾದ್ರಿಯೇ ಸುಸ್ತಾಗಿದ್ದಾರೆ, ಇನ್ನೊಂದು ಸೇರಿದರೆ ಎಂತ ಆಗ್ತದೆ? ಆದರೆ ಅಕ್ಕ, ಮನೆಗೆ ಹೋದ ಮೇಲೆ ಅವರು ಅಡಿಗೆ ಬಗ್ಗಿ ನೋಡೋದಿಲ್ವ?"

"ನೋಡ್ತಾರೆ."

"ತೂತು ಕಂಡರೆ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ವಾಮನ ಮತ್ತೆ ಹತ್ತಿ ತರುತ್ತಾನೆ, ಮತ್ತೆ ಬಡಿಯುತ್ತಾನೆ. ಹೊಸ ತಗಡೂ ಹಳೆಯದರಂತೆಯೇ ಕೊಳೆಯುತ್ತದೆ. ಸುಮ್ಮನಿದ್ದರೆ ಗಂಡನಿಗೆ ನೋವಾಗುವುದಿಲ್ಲ, ಕಾರು ಹೋಗುತ್ತದೆ. ಹೇಳಿದರೆ ಕಾರು ಉಳಿಯುತ್ತದೆ, ಗಂಡನಿಗೆ ಎಷ್ಟು ನೋವಾದೀತೋ ಹೇಳಲು ಬರುವುದಿಲ್ಲ. ಕಲಾವತಿ ಆ ಕಪ್ಪು ಉಂಡೆಯನ್ನು ಬೆರಳಲ್ಲಿ ಹಿಂಡುತ್ತ ಬಹಳ ಹೊತ್ತು ಬೆಂಚಿನ ಮೇಲೆ ಕೂತಳು. ಹತ್ತಿ ಒಳಗೆ ಇನ್ನೂ ಒದ್ದೆಯಿತ್ತು.

ಕೊನೆಗೆ ಎದ್ದು, "ನೀನು ಎಂತದ್ದೂ ಹೇಳಬೇಡ" ಎಂದಳು. "ನಾನೇ ಹೇಳ್ತೇನೆ."

ಸಂಜೆ ವಾಮನ ಧಕ್ಕೆಯಿಂದ ನೇರ ಶೆಡ್ಡಿಗೆ ಬಂದ. ಕೈಗಳೆಲ್ಲ ರಾಳ. ಕತ್ತರಿಸಿದ ಬಾಗಿಲನ್ನು ನೋಡಿ ಅವನ ಮುಖ ಬಾಡಿತು.

"ಇಷ್ಟು ಹೋಗಿತ್ತಾ? ಉಪ್ಪು ಗಾಳಿ, ಅಲ್ವಾ ಇನಾಸ?"

ಇನಾಸ ಕಲಾವತಿಯ ಕಡೆ ನೋಡಿದ.

"ಗಾಳಿ ಅಲ್ಲ. ನೀವು ತೂತಿಗೆ ಬಡಿದ ಹತ್ತಿ" ಎಂದಳು ಕಲಾವತಿ. ಇನಾಸ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

"ಎಂತ ಹುಚ್ಚು ಮಾತು!" ಎಂದು ವಾಮನ ಸಿಟ್ಟಾದ. "ಒಂದು ಹನಿ ಒಳಗೆ ಹೋಗದ ಹಾಗೆ ಮಾಡಿದವನು ನಾನು! ನಾನು ಮುಚ್ಚಿದ ಮೇಲೆ ನೀರು ಎಲ್ಲಿಂದ ಬರ್ತದೆ?"

ಇನಾಸ ಜಗಳಕ್ಕೆ ನಿಲ್ಲಲಿಲ್ಲ. ಒಂದು ಚೊಂಬಿನಲ್ಲಿ ನೀರು ತಂದು, ಕಾರಿನಲ್ಲೇ ಇದ್ದ ಬಲಬಾಗಿಲಿನ ಗಾಜಿನ ಮೇಲೆ ಸುರಿದ. ಅರ್ಧ ನೀರು ಹೊರಗೆ ಹರಿಯಿತು. ಉಳಿದದ್ದು ಗಾಜಿನ ಜೊತೆಗೇ ರಬ್ಬರಿನ ಸಂದಿಯಲ್ಲಿ ಇಳಿದು ಕಾಣದಾಯಿತು. ಬಾಗಿಲಿನ ಕೆಳಗಿನ ತೂತುಗಳಿಂದ ಒಂದು ಹನಿಯೂ ಹೊರಬರಲಿಲ್ಲ.

"ಹೋಯ್ತಲ್ಲ, ಎಲ್ಲಿದೆ?" ಎಂದ ಇನಾಸ.

ವಾಮನ ಬಾಗಿಲಿಗೆ ಕಿವಿಯಿಟ್ಟು ಬೆರಳಿನಿಂದ ತಟ್ಟಿದ. ದೋಣಿಯ ಹೊಟ್ಟೆಯನ್ನು ತಟ್ಟಿ ಒಳಗೆ ನೀರಿದೆಯೋ ಇಲ್ಲವೋ ಹೇಳುವ ಬೆರಳು ಅದು. ಅವನಿಗೆ ಇನ್ಯಾರೂ ಹೇಳಬೇಕಾಗಿರಲಿಲ್ಲ.

"ಗಾಜಿನ ಸಂದಿ ಮುಚ್ಚಿದರೆ?" ಎಂದು ಕೇಳಿದ. ಸಿಟ್ಟು ಇಳಿದಿತ್ತು.

"ಗಾಜು ಇಳಿಯೋದಿಲ್ಲ ಮೇಸ್ತರೇ. ಗಾಜು ಇಳಿಯದ ಬಾಗಿಲು ಯಾರಿಗೆ ಬೇಕು?"

ವಾಮನ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತ. "ನಾನೇ ತಿಂದೆ" ಎಂದ. "ಅವಳದ್ದು ಇದ್ದದ್ದು ಇದೊಂದು. ಇದನ್ನೂ ನಾನೇ ತಿಂದೆ."

ಕಲಾವತಿ ಅವನ ಎದುರು ಕೂತಳು.

"ಒಂದು ಕೇಳ್ತೇನೆ. ನೀವು ಸಂದು ತುಂಬಿದ ದೋಣಿಯಲ್ಲಿ ನೀರು ಎತ್ತಿ ಚೆಲ್ಲುವ ಡಬ್ಬಿ ಇಡೋದಿಲ್ವ?"

"ಇಡ್ತೇವೆ. ಡಬ್ಬಿ ಇಲ್ಲದೆ ಯಾರು ಹೋಗ್ತಾರೆ?"

"ನೀವು ತುಂಬಿದ್ದು ಗಟ್ಟಿ ಅಲ್ವ? ಮತ್ತೆ ಡಬ್ಬಿ ಯಾಕೆ?"

"ತಳದಿಂದ ಬಾರದಿದ್ದರೆ ಮೇಲಿಂದ ಬರ್ತದೆ. ತೆರೆ ಹಾರ್ತದೆ, ಮಳೆ ಬರ್ತದೆ. ಸಮುದ್ರಕ್ಕೆ ಹೋದ ಮೇಲೆ ನೀರು ಬಂದೇ ಬರ್ತದೆ..." ವಾಮನ ಅಲ್ಲಿಗೆ ನಿಲ್ಲಿಸಿದ. ತಾನು ಏನು ಹೇಳಿದೆ ಎಂದು ಅವನಿಗೇ ಕೇಳಿಸಿತು.

ಆಮೇಲೆ ಎದ್ದು, "ಉಳಿದ ಬಾಗಿಲಿನ ಹತ್ತಿ ತೆಗೆದೆಯಾ?" ಎಂದು ಇನಾಸನನ್ನು ಕೇಳಿದ.

"ಇಲ್ಲ. ನಾಳೆ ಡ್ರಿಲ್ಲಿನಲ್ಲಿ ತೆಗೀತೇನೆ."

"ಡ್ರಿಲ್ಲು ಬೇಡ. ತಗಡು ಹರೀತದೆ. ಬಡಿದವನು ನಾನು, ನಾನೇ ಕೀಳ್ತೇನೆ."

ವಾಮನ ತನ್ನ ಚೀಲದಿಂದ ಕೊಕ್ಕೆಯ ಉಳಿಯನ್ನು ತೆಗೆದು ಕಾರಿನ ಪಕ್ಕ ಮಲಗಿದ. ರಾಳವನ್ನು ಒಡೆದು, ಹತ್ತಿಯ ತುದಿ ಹಿಡಿದು, ಒಂದೇ ಸಮನೆ ಎಳೆದ. ತೂತಿನಿಂದ ಕಂದು ನೀರು ಅವನ ಮೊಣಕೈವರೆಗೆ ಸುರಿಯಿತು. ಅವನು ಕೈ ತೆಗೆಯಲಿಲ್ಲ. ಮುಂದಿನ ತೂತಿಗೆ ಹೋದ. ನೀರು ಸುರಿಯುತ್ತಲೇ ಇತ್ತು.

ಕಲಾವತಿ ನೋಡುತ್ತ ನಿಂತಿದ್ದಳು. "ಶೈಲಾ ಇದ್ದಿದ್ದರೆ ನಿಮಗೆ ಸರಿಯಾಗಿ ಬೈತಿದ್ದಳು" ಎಂದಳು.

ಕಾರಿನ ಕೆಳಗೆ ಇನ್ನೊಂದು ತೂತಿನ ಹತ್ತಿ ಕಿತ್ತುಬಂತು. ಆಮೇಲೆ ವಾಮನ ಹೇಳಿದ:

"ಬೈತಿದ್ದಳು. ನನಗೆ ಬೈಯೋಕೆ ಅವಳಿಗೆ ಎಂತ ಅಧಿಕಾರ? ಕಾರು ತಂದ ಮೊದಲ ವಾರ ಸೀದಾ ಕಡಲ ಮರಳಿಗೆ ಇಳಿಸಿದವಳು ಅವಳು! ಚಕ್ರ ಹೂತುಹೋಯ್ತು. ಭರತದ ನೀರು ಏರ್ತಾ ಇತ್ತು. ನಾವು ಎಂಟು ಜನ ದೋಣಿ ಹಗ್ಗ ಕಟ್ಟಿ ಎಳೆದು ತೆಗೆದೆವು. 'ಅಪ್ಪಾ, ಅಮ್ಮನಿಗೆ ಹೇಳಿದರೆ ನೋಡು, ನಿನಗೆ ಇಂಜೆಕ್ಷನ್ ಹಾಕ್ತೇನೆ' ಅಂತ ನನ್ನನ್ನೇ ಹೆದರಿಸಿದಳು."

"ಅಯ್ಯೋ! ಸೀಟಿನ ಕೆಳಗೆ ಅಷ್ಟು ಮರಳು ಅದಕ್ಕೇನಾ? ಹಳ್ಳಿ ರಸ್ತೆಯ ಧೂಳು ಅಂದಿದ್ದಳು! ನೀವೂ ಹೌದು ಹೌದು ಅಂದಿರಿ!"

"ಇಂಜೆಕ್ಷನ್ ಅಂದರೆ ನನಗೆ ಹೆದರಿಕೆ."

ಕಲಾವತಿ ಗಟ್ಟಿಯಾಗಿ ನಕ್ಕಳು. ನಗುತ್ತಿದ್ದವಳು ಸೆರಗನ್ನು ಬಾಯಿಗಿಟ್ಟು ಅಳತೊಡಗಿದಳು. ವಾಮನ ಕಾರಿನ ಕೆಳಗಿನಿಂದ ಹೊರಗೆ ಬಂದ. ಅಳಬೇಡ ಎನ್ನಲಿಲ್ಲ. ಒದ್ದೆಯಾದ ಕೈಯನ್ನು ಒರೆಸಿಕೊಂಡು ಅವಳ ಪಕ್ಕದಲ್ಲಿ ಕೂತ. ಅವನೂ ಅತ್ತ. ಇನಾಸನಿಗೆ ಆಗಲೇ ಅಂಗಡಿಯಿಂದ ಬೀಡಿ ತರುವ ನೆನಪಾಯಿತು.

ಇನಾಸ ಮೂರು ಬಾಗಿಲುಗಳ ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಹೊಸ ಪಟ್ಟಿಯನ್ನು ಚುಕ್ಕಿ ಚುಕ್ಕಿಯಾಗಿ ಬೆಸೆದ. ಒಂದೇ ಕಡೆ ಬಿಸಿಯಾದರೆ ತಗಡು ಸೊಟ್ಟಗಾಗುತ್ತದೆ, ಅದಕ್ಕಾಗಿ ಒಮ್ಮೆ ಈ ತುದಿ, ಒಮ್ಮೆ ಆ ತುದಿ. ಒಳಗೂ ಹೊರಗೂ ತುಕ್ಕು ತಡೆಯುವ ಬಣ್ಣ ಹೊಡೆದ. ನಾಲ್ಕನೆಯ ಬಾಗಿಲಿನಲ್ಲಿ ಬೆಸೆಯಲು ಗಟ್ಟಿ ಜಾಗವೇ ಉಳಿದಿರಲಿಲ್ಲ. ಅದಕ್ಕೆ ಗುಜರಿಯಿಂದ ಬೇರೊಂದು ಬಾಗಿಲು ತಂದು ಕೆಂಪು ಬಳಿದ. ತೆರೆದರೆ ಒಳ ಅಂಚಿನಲ್ಲಿ ಹಳೆಯ ನೀಲಿ ಕಾಣುತ್ತದೆ. ವಾಮನ ಅದನ್ನು ಹಾಗೆಯೇ ಇರಲಿ ಎಂದ. ತಪಾಸಣೆಯವರು ಮತ್ತೆ ಹೆಬ್ಬೆರಳಿನಿಂದ ಒತ್ತಿದರು. ಈ ಸಲ ಬೆರಳಿಗೆ ನೋವಾಯಿತು. ಕಾರು ಪಾಸಾಯಿತು.

ಮುಂದಿನ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಜೋರಾಗಿ ಸುರಿದು ಮಳೆ ನಿಂತಿತು. ಈಗ ಆ ಮನೆಗೆ ಶೈಲಾಳ ಗೆಳತಿಯರು ಬರುತ್ತಿದ್ದರು, ಅವಳಿಂದ ಲಸಿಕೆ ಹಾಕಿಸಿಕೊಂಡ ಮಕ್ಕಳ ತಾಯಂದಿರೂ ಬರುತ್ತಿದ್ದರು. ಯಾರನ್ನೂ ಗೇಟಿನಲ್ಲಿ ನಿಲ್ಲಿಸುತ್ತಿರಲಿಲ್ಲ. ಕಲಾವತಿ ಬಂದವರಿಗೆ ಚಹಾ ಕೊಟ್ಟು ಅಂಗಳದ ಕಡೆ ನೋಡಿದಳು. ಕಾರಿನ ನಾಲ್ಕೂ ಬಾಗಿಲುಗಳ ಕೆಳಗೆ ಹನಿ ಬೀಳುತ್ತಿತ್ತು.

"ನೋಡಿ, ಸೋರ್ತಾ ಇದೆ" ಎಂದಳು.

ಒಂದು ಹನಿಯನ್ನೂ ಸೋರಲು ಬಿಡದವನು ಎಂದು ಊರೆಲ್ಲ ಹೆಸರಾದ ವಾಮನ ಮೇಸ್ತ ತಲೆ ಎತ್ತಿ ನೋಡಿದ.

"ಸೋರಲಿ" ಎಂದ.

ನೀತಿ: ದುಃಖ ಒಳಗೆ ಬಾರದಂತೆ ತಡೆಯುವ ವಿದ್ಯೆ ಯಾರಿಗೂ ಇಲ್ಲ. ನಾವು ಮಾಡಬಹುದಾದದ್ದು ಒಂದೇ, ಅದು ಹೊರಗೆ ಹೋಗುವ ದಾರಿಯನ್ನು ಮುಚ್ಚದಿರುವುದು. ಪ್ರೀತಿಯಿಂದ ಮುಚ್ಚಿದರೂ ಒಳಗೆ ನಿಂತ ನೀರು ಕಬ್ಬಿಣವನ್ನು ತಿನ್ನುತ್ತದೆ.